ಮಾಸು ಮುಂಚೆಯೇ ಹೇಳುವ ಮಾತು

ಏಳು ವರ್ಷದ ಹಿಂದೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನಿಂದ ನೆಲಮಾಳಿಗೆಯ ಲ್ಯಾಬಿನವರೆಗೆ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದಿದ್ದೆ. ಮುಚ್ಚಳದ ಸುತ್ತ ಪ್ಲಾಸ್ಟರ್ ಸುತ್ತಿದ್ದರೂ ಫಾರ್ಮಲಿನ್ ಘಾಟು ಕಣ್ಣಿಗೆ ತಾಕುತ್ತಿತ್ತು. ಡಬ್ಬಿಯ ಮೇಲೆ ನನ್ನ ತಂಗಿಯ ಹೆಸರು, ವಯಸ್ಸು, ಆಸ್ಪತ್ರೆಯ ನಂಬರು, ಅದರ ಕೆಳಗೆ ಪೆನ್ನಿನಲ್ಲಿ ‘ಪ್ಲಾಸೆಂಟಾ’, ಅಂದರೆ ಜರಾಯು ಅಥವಾ ಮಾಸು, ಎಂದು ಬರೆದಿತ್ತು. ಮೇಲಿನ ಮಹಡಿಯ ಶಿಶು ತೀವ್ರ ನಿಗಾ ಘಟಕದಲ್ಲಿ ತಂಗಿಯ ಬಿ.ಪಿ. ಏರಿದ್ದರಿಂದ ಮೂವತ್ತೊಂದನೆಯ ವಾರಕ್ಕೇ ಹೊರತೆಗೆದ 1,150 ಗ್ರಾಂ ತೂಕದ ಕೂಸು ಗಾಜಿನ ಪೆಟ್ಟಿಗೆಯಲ್ಲಿ ಮಲಗಿತ್ತು. ಮನೆಯವರೆಲ್ಲರ ಜೀವ ಅಲ್ಲಿತ್ತು. ನನ್ನ ಕೈಯಲ್ಲಿದ್ದ ಡಬ್ಬಿ ಏನೆಂದು ಯಾರೂ ಕೇಳಲಿಲ್ಲ, ನಾನೂ ಅದನ್ನು ಒಂದು ಜವಾಬ್ದಾರಿ ಮುಗಿಸುವಂತೆ ಕೌಂಟರಿನಲ್ಲಿಟ್ಟು ರಸೀದಿ ತೆಗೆದುಕೊಂಡು ಓಡಿದೆ.

ಹತ್ತು ದಿನದ ಮೇಲೆ ವರದಿ ಬಂತು. ಜರಾಯುವಿನ ತೂಕ 210 ಗ್ರಾಂ, ಆ ವಾರಕ್ಕೆ ಇರಬೇಕಾದದ್ದಕ್ಕಿಂತ ಕಡಿಮೆ. ರಕ್ತ ತಲುಪದೆ ಸತ್ತುಹೋದ ಭಾಗಗಳು ಅಲ್ಲಲ್ಲಿ. ತಾಯಿಯ ಕಡೆಯ ರಕ್ತನಾಳಗಳು ಹಿಗ್ಗಬೇಕಾದಷ್ಟು ಹಿಗ್ಗಿಲ್ಲ. ತಂಗಿ ಅಷ್ಟರಲ್ಲಿ ತನ್ನ ಮೇಲೆ ಹೊರಿಸಿಕೊಳ್ಳದ ತಪ್ಪಿರಲಿಲ್ಲ. ದಿನಾ ಸಿಲ್ಕ್ ಬೋರ್ಡ್ ದಾಟಿ ಬಸ್ಸಿನಲ್ಲಿ ಓಡಾಡಿದ್ದು, ಕೆಲಸ ಬಿಡದಿದ್ದದ್ದು, ಒಂದು ಮದುವೆ ಊಟದಲ್ಲಿ ಪಪ್ಪಾಯಿ ತಿಂದದ್ದು, ಎಲ್ಲವೂ ಅವಳ ಪಟ್ಟಿಯಲ್ಲಿತ್ತು. ವೈದ್ಯೆ ವರದಿ ಓದಿ ಹೇಳಿದರು: “ಇದು ಏಳನೆಯ ತಿಂಗಳಲ್ಲಿ ಶುರುವಾದದ್ದಲ್ಲಮ್ಮ. ಮೂರು, ನಾಲ್ಕನೆಯ ತಿಂಗಳಲ್ಲೇ ಶುರುವಾಗಿತ್ತು. ಏಳನೆಯದರಲ್ಲಿ ನಮಗೆ ಕಂಡಿತು, ಅಷ್ಟೆ.” ತಂಗಿ ಮುಖ ಮುಚ್ಚಿಕೊಂಡು ಅತ್ತಳು. ಎದೆಯ ಮೇಲಿನ ಕಲ್ಲು ಇಳಿದವರ ಅಳು ಅದು.

ನನಗೆ ಮಾತ್ರ ಅಂದಿನಿಂದ ಒಂದು ಪ್ರಶ್ನೆ ಹತ್ತಿಕೊಂಡಿತು. ಮೂರನೆಯ ತಿಂಗಳಲ್ಲೇ ಶುರುವಾಗಿದ್ದರೆ, ಮೂರನೆಯ ತಿಂಗಳಲ್ಲೇ ಯಾಕೆ ಕಾಣಬಾರದು? ಕಾಣಬಹುದು ಎನ್ನುವುದೇ ಈ ಬರಹ. ಪೂರ್ತಿಯಾಗಿ ಅಲ್ಲ, ಎಲ್ಲರಲ್ಲೂ ಅಲ್ಲ. ಆದರೆ ನಮ್ಮ ಮನೆಗಳಲ್ಲಿ ಗೊತ್ತಿರುವುದಕ್ಕಿಂತ ಎಷ್ಟೋ ಹೆಚ್ಚು.

ಮೊದಲ ಇಪ್ಪತ್ತು ವಾರಗಳ ಕಾಮಗಾರಿ

ಪಠ್ಯಪುಸ್ತಕದ ಜರಾಯುವಿಗೆ ಮನೆಮಾತಿನಲ್ಲಿ ಮಾಸು ಎನ್ನುತ್ತೇವೆ. ಹಸು ಕರು ಹಾಕಿದಾಗ ‘ಕಸ ಬಿತ್ತೇ?’ ಎಂದು ಕೇಳುವುದೂ ಇದರ ಬಗ್ಗೆಯೇ. ಹಳ್ಳಿಯಲ್ಲಿ ಕಸ ಬೀಳುವವರೆಗೆ ಕೊಟ್ಟಿಗೆಯ ದೀಪ ಆರುತ್ತಿರಲಿಲ್ಲ, ಬಿದ್ದ ಮೇಲೆ ಹೂಳುವುದಕ್ಕೂ ಒಂದು ಕ್ರಮವಿತ್ತು. ಆಸ್ಪತ್ರೆಯಲ್ಲಿ ಅದರ ಆಯುಷ್ಯ ಇನ್ನೂ ಚಿಕ್ಕದು. ತುಂಡು ಒಳಗೆ ಉಳಿದಿಲ್ಲವೆಂದು ಅತ್ತಿತ್ತ ತಿರುಗಿಸಿ ನೋಡುತ್ತಾರೆ, ಆಮೇಲೆ ಹಳದಿ ಚೀಲಕ್ಕೆ ಹಾಕುತ್ತಾರೆ. ಒಂಬತ್ತು ತಿಂಗಳ ಲೆಕ್ಕವೆಲ್ಲ ಬರೆದಿಟ್ಟ ಪುಸ್ತಕವೊಂದು ಓದುವವರಿಲ್ಲದೆ ಹೊರಟುಹೋಗುತ್ತದೆ. ತೊಂದರೆಯಾದ ಹೆರಿಗೆಯಲ್ಲಾದರೂ ಅದನ್ನು ಓದಿಸಬೇಕು ಎಂದು ನಾನು ಈಗ ಕಂಡವರಿಗೆಲ್ಲ ಹೇಳುತ್ತೇನೆ.

ಜರಾಯು ತಾಯಿಯ ಅಂಗವಲ್ಲ. ಅದು ಬೆಳೆಯುವುದು ಫಲಿತ ಅಂಡದ ಹೊರಪದರದಿಂದ, ಅಂದರೆ ಮಗುವಿನ ಕಡೆಯಿಂದ. ಅದರ ಅರ್ಧ ವಂಶವಾಹಿಗಳು ತಂದೆಯವು. ದಿನ ತುಂಬುವ ಹೊತ್ತಿಗೆ ಸುಮಾರು ಅರ್ಧ ಕಿಲೋ ತೂಗುವ, ಇಪ್ಪತ್ತು ಸೆಂಟಿಮೀಟರ್ ಅಗಲದ, ದಪ್ಪ ರೊಟ್ಟಿಯಂಥ ಆಕಾರ. ಒಳಗೆ ಮರದ ಕೊಂಬೆಗಳಂತೆ ಕವಲೊಡೆದ ಎಳೆಗಳು, ಅವುಗಳಲ್ಲಿ ಮಗುವಿನ ರಕ್ತ. ಆ ಕೊಂಬೆಗಳ ಹೊರಮೈಯನ್ನೆಲ್ಲ ಬಿಡಿಸಿ ಹರಡಿದರೆ ಒಂದು ಕೋಣೆಯ ನೆಲದಷ್ಟು, ಹತ್ತು ಚದರ ಮೀಟರಿಗೂ ಹೆಚ್ಚು ಆಗುತ್ತದೆ. ತಾಯಿಯ ರಕ್ತ ಈ ಕೊಂಬೆಗಳನ್ನು ಹೊರಗಿನಿಂದ ತೋಯಿಸಿಕೊಂಡು ಹರಿಯುತ್ತದೆ. ಎರಡು ರಕ್ತಗಳು ಬೆರೆಯುವುದಿಲ್ಲ. ಆಮ್ಲಜನಕ, ಸಕ್ಕರೆ, ಕಸ, ಎಲ್ಲವೂ ಆ ತೆಳು ಗೋಡೆಯ ಮೂಲಕವೇ ಕೈಬದಲಾಗಬೇಕು. ಹುಟ್ಟುವವರೆಗೆ ಮಗುವಿಗೆ ಶ್ವಾಸಕೋಶ, ಮೂತ್ರಪಿಂಡ, ಕರುಳು ಎಲ್ಲ ಇದೇ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಕೆಲಸಕ್ಕೆ ಬರೋಣ. ಗರ್ಭಕೋಶದ ಗೋಡೆಯಲ್ಲಿ ಸುರುಳಿ ಸುತ್ತಿಕೊಂಡ ಸಣ್ಣ ಧಮನಿಗಳಿವೆ. ಅವುಗಳ ಸುತ್ತ ಸ್ನಾಯುವಿನ ಪದರವಿದೆ; ಮುಟ್ಟಿನ ರಕ್ತಸ್ರಾವ ನಿಲ್ಲುವುದು ಆ ಸ್ನಾಯು ಬಿಗಿಯುವುದರಿಂದ. ಬಸುರಿನಲ್ಲಿ ಅವು ಬಿಗಿಯಬಾರದು. ಹಾಗಾಗಿ ಜರಾಯುವಿನ ಕೋಶಗಳು ತಾಯಿಯ ಗೋಡೆಯೊಳಗೆ ಹೊಕ್ಕು ಈ ನಾಳಗಳ ಸ್ನಾಯುವನ್ನು ಕರಗಿಸಿ, ಅವುಗಳ ಬಾಯನ್ನು ಆಲಿಕೆಯಂತೆ ಅಗಲ ಮಾಡುತ್ತವೆ. ಮೊದಲ ಹತ್ತು ವಾರ ಅದೇ ಕೋಶಗಳು ನಾಳಗಳ ಬಾಯಿಗೆ ಬಿರಡೆಯಂತೆ ಕೂತು ರಕ್ತದ ರಭಸವನ್ನು ತಡೆಯುತ್ತವೆ. ಎಳೆಯ ಭ್ರೂಣಕ್ಕೆ ಆಗ ಹೆಚ್ಚು ಆಮ್ಲಜನಕ ಹಿತವಲ್ಲ. ಹತ್ತರಿಂದ ಹನ್ನೆರಡು ವಾರದ ಹೊತ್ತಿಗೆ ಬಿರಡೆ ಸಡಿಲಾಗಿ ರಕ್ತ ಹರಿಯತೊಡಗುತ್ತದೆ. ಹದಿನೆಂಟು, ಇಪ್ಪತ್ತು ವಾರಕ್ಕೆ ಈ ಕಾಮಗಾರಿ ಹೆಚ್ಚುಕಡಿಮೆ ಮುಗಿಯುತ್ತದೆ.

ಗದ್ದೆಗೆ ನೀರು ಬಿಟ್ಟವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಪಂಪಿನ ಪೈಪನ್ನು ನೇರವಾಗಿ ಸಸಿಮಡಿಗೆ ಹಿಡಿದರೆ ಒಂದು ಕಡೆ ಮಣ್ಣು ಕೊಚ್ಚಿಹೋಗುತ್ತದೆ, ಇನ್ನೊಂದು ಕಡೆ ಒಣಗುತ್ತದೆ. ಕಾಲುವೆಯ ಬಾಯಿ ಅಗಲ ಮಾಡಿ ಬಿಟ್ಟರೆ ನೀರು ಸದ್ದಿಲ್ಲದೆ ಬುಡಬುಡಕ್ಕೂ ಹರಡುತ್ತದೆ. ಸರಿಯಾಗಿ ಹಿಗ್ಗಿದ ಧಮನಿಯಿಂದ ರಕ್ತ ಸೆಕೆಂಡಿಗೆ ಸುಮಾರು 10 ಸೆಂಟಿಮೀಟರಿನ ನಿಧಾನಗತಿಯಲ್ಲಿ ಜರಾಯುವಿಗೆ ಇಳಿಯುತ್ತದೆಂದು ಲೆಕ್ಕ ಹಾಕಿದ್ದಾರೆ. ಹಿಗ್ಗದ ಧಮನಿಯಿಂದ ಅದು ಚಿಮ್ಮುತ್ತದೆ. ಎಳೆಯ ಕೊಂಬೆಗಳನ್ನು ಹರಿದುಹಾಕುತ್ತದೆ, ಒಮ್ಮೆ ಬಂದು ಒಮ್ಮೆ ನಿಲ್ಲುತ್ತದೆ. ಈ ದೋಷವನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ವಿವರಿಸಿದವರು ಐವೊ ಬ್ರೋಸೆನ್ಸ್ ಮತ್ತು ಸಂಗಡಿಗರು, 1960ರ ದಶಕದ ಕೊನೆಯಲ್ಲಿ ಮತ್ತು 1972ರಲ್ಲಿ. ಬಸುರಿನಲ್ಲಿ ರಕ್ತದೊತ್ತಡ ಏರಿದ ತಾಯಂದಿರ ಗರ್ಭಕೋಶದಲ್ಲಿ ಈ ನಾಳಗಳು ಹಿಗ್ಗದೆ ಉಳಿದಿದ್ದವು.

ಆ ಕಾಯಿಲೆಯ ಹೆಸರು ಪ್ರೀಎಕ್ಲಾಂಪ್ಸಿಯಾ. ಹಳೆಯವರು ಗರ್ಭನಂಜು ಎನ್ನುತ್ತಿದ್ದರು. ಇಪ್ಪತ್ತು ವಾರದ ನಂತರ ಬಿ.ಪಿ. 140/90 ಅಥವಾ ಅದಕ್ಕಿಂತ ಮೇಲೇರಿ, ಮೂತ್ರದಲ್ಲಿ ಪ್ರೋಟೀನ್ ಹೋಗುವುದು ಇಲ್ಲವೇ ಯಕೃತ್ತು, ಮೂತ್ರಪಿಂಡ, ರಕ್ತದ ಪ್ಲೇಟ್‌ಲೆಟ್ ಇವುಗಳಲ್ಲಿ ಏರುಪೇರಾಗುವುದು ಇದರ ಲಕ್ಷಣ. ಹಳೆಯ ಹೆಸರಿನಲ್ಲಿ ನಂಜು ಎಂಬ ಮಾತಿರುವುದು ಬರೀ ಊಹೆಯಲ್ಲ ಎಂದು 2003ರಲ್ಲಿ ತಿಳಿಯಿತು. ಬೋಸ್ಟನ್ನಿನಲ್ಲಿ ಕೆಲಸ ಮಾಡುತ್ತಿದ್ದ ಭಾರತೀಯ ಮೂಲದ ವೈದ್ಯ ವಿಜ್ಞಾನಿ ಎಸ್. ಅನಂತ ಕರುಮಂಚಿ ಮತ್ತು ಸಂಗಡಿಗರು, ಕಷ್ಟದಲ್ಲಿರುವ ಜರಾಯು ಎಸ್‌ಫ್ಲಿಟ್-1 ಎಂಬ ಪ್ರೋಟೀನನ್ನು ತಾಯಿಯ ರಕ್ತಕ್ಕೆ ವಿಪರೀತ ಸುರಿಯುತ್ತದೆಂದು ತೋರಿಸಿದರು. ಜರಾಯುವಿನಿಂದಲೇ ಬರುವ ಇನ್ನೊಂದು ಪ್ರೋಟೀನ್ ಪಿಎಲ್‌ಜಿಎಫ್. ಅದು ರಕ್ತನಾಳಗಳ ಒಳಪದರವನ್ನು ಕಾಪಾಡುವ ಗುಂಪಿನದು. ಎಸ್‌ಫ್ಲಿಟ್-1 ಅದನ್ನು ಹಿಡಿದುಕೊಂಡು ಕೆಲಸ ಮಾಡದಂತೆ ಮಾಡುತ್ತದೆ. ಕಾವಲು ತಪ್ಪಿದ ರಕ್ತನಾಳಗಳು ಮೈತುಂಬ ಬಿಗಿಯುತ್ತವೆ, ಸೋರುತ್ತವೆ. ತೊಂದರೆ ಹುಟ್ಟಿದ್ದು ಜರಾಯುವಿನಲ್ಲಿ, ತಲೆನೋವು ಬರುವುದು ತಾಯಿಗೆ.

ಜರಾಯು ಹೊರಬರುವವರೆಗೆ ಈ ಕಾಯಿಲೆ ಬಿಡುವುದಿಲ್ಲ. ಹಾಗಾಗಿಯೇ ವೈದ್ಯರು ಎಷ್ಟೋ ಸಲ ದಿನ ತುಂಬುವ ಮೊದಲೇ ಹೆರಿಗೆ ಮಾಡಿಸುತ್ತಾರೆ. ಅವಧಿಗೆ ಮುನ್ನ ಹುಟ್ಟುವ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಪಾಲು ಹೀಗೆ, ನೋವು ತಾನಾಗಿ ಬಂದು ಅಲ್ಲ, ತಾಯಿಯನ್ನೋ ಮಗುವನ್ನೋ ಉಳಿಸಲು ವೈದ್ಯರೇ ನಿರ್ಧರಿಸಿ ಹೊರತಂದವರು. ನನ್ನ ತಂಗಿಯ ಮಗನೂ ಅವರಲ್ಲಿ ಒಬ್ಬ.

ಹನ್ನೆರಡನೆಯ ವಾರದ ಕೋಣೆಯಲ್ಲಿ

ಎರಡನೆಯ ಬಸುರಿನ ಹನ್ನೆರಡನೆಯ ವಾರಕ್ಕೆ ತಂಗಿಯ ಜೊತೆ ಜಯನಗರದ ಒಂದು ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋದೆ. ಅಮ್ಮನೂ ಬಂದಿದ್ದಳು. ಗೋಡೆಯ ಮೇಲೆ, ಎಲ್ಲ ಕೇಂದ್ರಗಳಲ್ಲೂ ಇರುವಂತೆ, ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ ಎಂಬ ಫಲಕ. ಮುಂಚಿನ ದಿನಗಳಲ್ಲಿ ಈ ಎನ್‌ಟಿ ಸ್ಕ್ಯಾನ್ ಎಂದರೆ ಮಗುವಿನ ಕತ್ತಿನ ಹಿಂದಿನ ನೀರಿನ ಪದರ ಅಳೆಯುವುದು, ಡೌನ್ ಸಿಂಡ್ರೋಮಿನ ಸಾಧ್ಯತೆ ನೋಡುವುದು ಎಂದಷ್ಟೇ ನನಗೆ ಗೊತ್ತಿತ್ತು. ಅದೇ ಹನ್ನೊಂದರಿಂದ ಹದಿನಾಲ್ಕನೆಯ ವಾರದೊಳಗೆ, ಅದೇ ಮಂಚದ ಮೇಲೆ, ಜರಾಯುವಿನ ಭವಿಷ್ಯವನ್ನೂ ಕೇಳಬಹುದು.

ವೈದ್ಯೆ ಮೊದಲು ಯಂತ್ರ ಮುಟ್ಟಲಿಲ್ಲ, ಪ್ರಶ್ನೆ ಕೇಳಿದರು. ಹಿಂದಿನ ಹೆರಿಗೆ ಯಾವ ವಾರಕ್ಕೆ? ಬಿ.ಪಿ. ಎಷ್ಟಾಗಿತ್ತು? ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಮೈಯ ರೋಗನಿರೋಧಕ ಶಕ್ತಿ ಮೈಮೇಲೇ ತಿರುಗಿಬೀಳುವ ಲೂಪಸ್ ಕಾಯಿಲೆ? ಬಸುರು ತಾನಾಗಿ ನಿಂತದ್ದೇ, ಐವಿಎಫ್ ಮೂಲಕವೇ? ಆಮೇಲೆ ಅಮ್ಮನ ಕಡೆ ತಿರುಗಿ, “ನಿಮಗೆ ಬಸುರಿನಲ್ಲಿ ಬಿ.ಪಿ. ಬಂದಿತ್ತೇನಮ್ಮ?” ಎಂದರು. ಅಮ್ಮ ಸ್ವಲ್ಪ ಯೋಚಿಸಿ, “ಬಿ.ಪಿ. ಯಾರು ನೋಡಿದ್ದರು? ದೊಡ್ಡವಳು ಹುಟ್ಟುವಾಗ ಮುಖ, ಕೈಕಾಲು ಊದಿಕೊಂಡು ಉಪ್ಪು ಬಿಡಿಸಿದ್ದರು, ಕೊನೆಗೆ ಕಣ್ಣು ಮಂಜಾಗಿತ್ತು” ಎಂದಳು. ದೊಡ್ಡವಳು ಎಂದರೆ ನಾನು. ನಲವತ್ತು ದಾಟಿದ ಮೇಲೆ ನಾನು ಹುಟ್ಟಿದ ಕಥೆಯ ಈ ಭಾಗ ಮೊದಲ ಸಲ ಕೇಳಿದ್ದೆ. ತಾಯಿಗೋ ಅಕ್ಕತಂಗಿಯರಿಗೋ ಗರ್ಭನಂಜು ಆಗಿದ್ದರೆ ಅಪಾಯ ಹೆಚ್ಚು. ಹಿಂದಿನ ಬಸುರಿನಲ್ಲಿ ಆಗಿದ್ದರೆ ಇನ್ನೂ ಹೆಚ್ಚು. ಈ ಮಾಹಿತಿಗೆ ಒಂದು ಪೈಸೆ ಖರ್ಚಿಲ್ಲ, ಆದರೆ ಮನೆಯ ಹಿರಿಯ ಹೆಂಗಸರನ್ನು ಯಾರೂ ಕೇಳುವುದಿಲ್ಲ.

ಎರಡನೆಯದು ಬಿ.ಪಿ. ನೋಡಿದ ರೀತಿ. ಐದು ನಿಮಿಷ ಸುಮ್ಮನೆ ಕೂರಿಸಿದರು. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ. ಎರಡೂ ತೋಳಿನಲ್ಲಿ, ನಿಮಿಷ ಬಿಟ್ಟು ಇನ್ನೊಮ್ಮೆ. ಅದರಿಂದ ಸರಾಸರಿ ಒತ್ತಡ ಲೆಕ್ಕ ಹಾಕುತ್ತಾರೆ: ಕೆಳಗಿನ ಅಂಕಿಗೆ ಎರಡರ ವ್ಯತ್ಯಾಸದ ಮೂರನೆಯ ಒಂದು ಭಾಗ ಸೇರಿಸಿದರೆ ಆಯಿತು. 125/80 ಇದ್ದರೆ ಸರಾಸರಿ 95. ಆ 125/80ನ್ನು ಯಾರೂ ಬಿ.ಪಿ. ಇದೆ ಎನ್ನುವುದಿಲ್ಲ, ಆದರೆ ಹನ್ನೆರಡನೆಯ ವಾರದಲ್ಲಿ ಅದು ಲೆಕ್ಕಕ್ಕೆ ಬರುವ ಸುಳಿವು. ಸಾಲಿನಲ್ಲಿ ನಿಂತು ಬೆವರುತ್ತಿರುವವಳನ್ನು ಸ್ಟೂಲಿನ ಮೇಲೆ ಕೂರಿಸಿ, ಮಾತನಾಡಿಸುತ್ತಲೇ ಸೀರೆಯ ಸೆರಗಿನ ಮೇಲೆ ಪಟ್ಟಿ ಕಟ್ಟಿ ನೋಡಿದ ಬಿ.ಪಿ.ಗೆ ಈ ಬೆಲೆ ಇಲ್ಲ.

ಮೂರನೆಯದು ಡಾಪ್ಲರ್, ರಕ್ತದ ಹರಿವನ್ನು ಅಳೆಯುವ ಸ್ಕ್ಯಾನ್. ಹೊಟ್ಟೆಯ ಎರಡೂ ಬದಿಯಲ್ಲಿ ಗರ್ಭಕೋಶಕ್ಕೆ ಹೋಗುವ ದೊಡ್ಡ ಧಮನಿಗಳ ಮೇಲೆ ಯಂತ್ರವನ್ನಿಟ್ಟರೆ ಪರದೆಯ ಮೇಲೆ ಅಲೆಗಳು ಏಳುತ್ತವೆ. ನಾನು ಅಲ್ಲಿ ನೋಡಿದ್ದು ಇದು: ಪ್ರತಿ ಬಡಿತಕ್ಕೂ ಒಂದು ಚೂಪು ಶಿಖರ, ತಕ್ಷಣ ಒಂದು ಕಚ್ಚು, ಆಮೇಲೆ ತೆಳ್ಳಗಿನ ಬಾಲ. ವೈದ್ಯೆ ಆ ಕಚ್ಚಿನ ಮೇಲೆ ಬೆರಳಿಟ್ಟು, ಮುಂದಿನ ನಾಳಗಳು ಬಿಗಿಯಾಗಿದ್ದರೆ ರಕ್ತ ಹೋಗಲಾರದೆ ಹಿಂದಕ್ಕೆ ಒತ್ತುತ್ತದೆ, ಅದರ ಗುರುತು ಇದು ಎಂದರು. ನಾಳಗಳು ಹಿಗ್ಗುತ್ತಾ ಹೋದಂತೆ ಕಚ್ಚು ಅಳಿದು ಬಾಲ ದಪ್ಪವಾಗುತ್ತದೆ. ಹನ್ನೆರಡನೆಯ ವಾರದಲ್ಲಿ ಕಚ್ಚು ಅನೇಕರಿಗೆ ಇರುತ್ತದೆ, ಅದೊಂದನ್ನೇ ಹಿಡಿದು ಹೆದರಬೇಕಿಲ್ಲ. ಲೆಕ್ಕಕ್ಕೆ ತೆಗೆದುಕೊಳ್ಳುವುದು ಎರಡೂ ಬದಿಯ ಪ್ರತಿರೋಧದ ಸರಾಸರಿ ಅಂಕಿಯನ್ನು.

ನಾಲ್ಕನೆಯದು ರಕ್ತದಲ್ಲಿ ಪಿಎಲ್‌ಜಿಎಫ್ ಪ್ರಮಾಣ. ಬೇರೂರಲು ಕಷ್ಟಪಡುತ್ತಿರುವ ಜರಾಯು ಇದನ್ನು ಮೊದಲಿನಿಂದಲೇ ಕಡಿಮೆ ಬಿಡುಗಡೆ ಮಾಡುತ್ತದೆ. ಈ ನಾಲ್ಕನ್ನೂ ಒಟ್ಟುಗೂಡಿಸಿ ಲೆಕ್ಕ ಹಾಕುವ ಕ್ರಮವನ್ನು ಲಂಡನ್ನಿನಲ್ಲಿ ಕೈಪ್ರೊಸ್ ನಿಕೊಲೈಡಿಸ್ ಅವರ ತಂಡ ಬೆಳೆಸಿತು. ಮೂವತ್ತೇಳು ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗುವಂಥ ಗರ್ಭನಂಜಿನಲ್ಲಿ ನಾಲ್ಕಕ್ಕೆ ಸುಮಾರು ಮೂರನ್ನು ಇದು ಮೊದಲೇ ಗುರುತಿಸುತ್ತದೆ. ಅದಕ್ಕಾಗಿ ನೂರಕ್ಕೆ ಹತ್ತು ಮಂದಿಯನ್ನು ಸುಮ್ಮನೆ ಎಚ್ಚರಿಸಿದಂತಾಗುತ್ತದೆ. ದಿನ ತುಂಬಿದ ಮೇಲೆ ಬರುವ ಗರ್ಭನಂಜನ್ನು ಹಿಡಿಯುವುದರಲ್ಲಿ ಇದು ಅಷ್ಟು ಗಟ್ಟಿಯಲ್ಲ.

ಮೊದಲೇ ಗೊತ್ತಾದರೆ ಮಾಡುವುದೇನು? ಆಸ್ಪಿರಿನ್. ಅಂಗಡಿಯಲ್ಲಿ ಅತಿ ಅಗ್ಗಕ್ಕೆ ಸಿಗುವ ಮಾತ್ರೆಗಳಲ್ಲಿ ಒಂದು. 2017ರಲ್ಲಿ ಪ್ರಕಟವಾದ ಆಸ್ಪ್ರೆ ಎಂಬ ಅಧ್ಯಯನದಲ್ಲಿ ಹೀಗೆ ಹೆಚ್ಚು ಅಪಾಯವಿದೆಯೆಂದು ಗುರುತಿಸಿದ 1,776 ತಾಯಂದಿರಲ್ಲಿ ಅರ್ಧದಷ್ಟು ಮಂದಿಗೆ ರಾತ್ರಿ ಹೊತ್ತು 150 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ಹುಸಿಮಾತ್ರೆ ಕೊಟ್ಟರು. ಶುರು ಮಾಡಿದ್ದು ಹನ್ನೊಂದರಿಂದ ಹದಿನಾಲ್ಕನೆಯ ವಾರದೊಳಗೆ, ನಿಲ್ಲಿಸಿದ್ದು ಮೂವತ್ತಾರಕ್ಕೆ. ಹುಸಿಮಾತ್ರೆಯವರಲ್ಲಿ ಶೇಕಡಾ 4.3 ಮಂದಿಗೆ ಮೂವತ್ತೇಳು ವಾರದೊಳಗೆ ಗರ್ಭನಂಜಿನಿಂದ ಹೆರಿಗೆಯಾಯಿತು, ಆಸ್ಪಿರಿನ್ ತೆಗೆದುಕೊಂಡವರಲ್ಲಿ ಶೇಕಡಾ 1.6 ಮಂದಿಗೆ.

ಈ ಅಂಕಿಗಳನ್ನು ಎರಡು ಕಡೆಯಿಂದ ಓದಬೇಕು. ಸಾವಿರ ಮಂದಿ ಹೆಚ್ಚು ಅಪಾಯದವರಲ್ಲಿ ಮಾತ್ರೆ ಇಲ್ಲದಿದ್ದರೆ ನಲವತ್ತಮೂರು, ಇದ್ದರೆ ಹದಿನಾರು. ಇಪ್ಪತ್ತೇಳು ಮನೆಗಳಲ್ಲಿ ಆ ಗಾಜಿನ ಪೆಟ್ಟಿಗೆಯ ದಿನಗಳು ತಪ್ಪುತ್ತವೆ. ಇನ್ನೊಂದು ಕಡೆ, ‘ಹೈ ರಿಸ್ಕ್’ ಎಂದು ಬರೆಸಿಕೊಂಡ ನೂರು ಮಂದಿಯಲ್ಲಿ ತೊಂಬತ್ತೈದಕ್ಕಿಂತ ಹೆಚ್ಚು ಮಂದಿಗೆ ಮಾತ್ರೆ ಇಲ್ಲದೆಯೂ ಅಷ್ಟು ಬೇಗ ಕಾಯಿಲೆ ಬರಲಿಲ್ಲ. ಆ ಎರಡು ಪದ ಜಾತಕವಲ್ಲ, ಹವಾಮಾನ ಇಲಾಖೆಯ ಮಳೆಯ ಸೂಚನೆ. ಕೊಡೆ ಹಿಡಿದು ಹೊರಡಲು ಅಷ್ಟು ಸಾಕು, ಮನೆಯಲ್ಲಿ ಅಳುತ್ತಾ ಕೂರಬೇಕಾಗಿಲ್ಲ. ಮಾತ್ರೆಯನ್ನು ಮಾತ್ರ ಯಾರೂ ತಾವಾಗಿ ನುಂಗಬಾರದು. ಹೊಟ್ಟೆಹುಣ್ಣು, ರಕ್ತಸ್ರಾವದ ತೊಂದರೆ, ಆಸ್ಪಿರಿನ್ ಒಗ್ಗದ ಮೈ ಇರುವವರಿದ್ದಾರೆ. ಯಾರಿಗೆ, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು.

ನನ್ನ ಕಳಕಳಿ ಇರುವುದು ಕಾಲದ ಬಗ್ಗೆ. ಆಸ್ಪಿರಿನ್ ಚೆನ್ನಾಗಿ ಫಲ ಕೊಡುವುದು ಹದಿನಾರು ವಾರದೊಳಗೆ ಶುರು ಮಾಡಿದರೆ, ನಾಳಗಳು ಇನ್ನೂ ಹಿಗ್ಗುತ್ತಿರುವಾಗ. ನಮ್ಮಲ್ಲಿ ಮೂರು ತಿಂಗಳು ತುಂಬುವವರೆಗೆ ಬಸುರನ್ನು ಬಾಯಿಬಿಟ್ಟು ಹೇಳಬಾರದು ಎಂಬ ರೂಢಿ ಇದೆ. ದೃಷ್ಟಿಯಾದೀತು, ನಿಲ್ಲದಿದ್ದರೆ ಊರಿಗೆಲ್ಲ ಹೇಳಿದಂತಾದೀತು ಎಂಬ ಅಂಜಿಕೆ. ಆ ಅಂಜಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ನೆಂಟರಿಗೆ ಹೇಳದಿರಲಿ. ಆದರೆ ಎಷ್ಟೋ ಹೆಣ್ಣುಮಕ್ಕಳು ಆಶಾ ಕಾರ್ಯಕರ್ತೆಗೂ ಹೇಳುವುದಿಲ್ಲ, ತಾಯಿ ಕಾರ್ಡ್ ಮಾಡಿಸುವ ಹೊತ್ತಿಗೆ ನಾಲ್ಕು ತಿಂಗಳು ದಾಟಿರುತ್ತದೆ. ಜರಾಯುವನ್ನು ಕೇಳಬೇಕಾದ ಹೊತ್ತು ಅಷ್ಟರಲ್ಲಿ ಕಳೆದಿರುತ್ತದೆ. ಪಿಎಲ್‌ಜಿಎಫ್ ಪರೀಕ್ಷೆ ಸರ್ಕಾರಿ ಕೇಂದ್ರಗಳಲ್ಲಿ ಎಲ್ಲ ಬಸುರಿಯರಿಗೂ ಮಾಡುವಂಥದ್ದಲ್ಲ. ಆದರೆ ಪ್ರಶ್ನೆ ಕೇಳುವುದಕ್ಕೆ, ಬಿ.ಪಿ. ಸರಿಯಾಗಿ ನೋಡುವುದಕ್ಕೆ ಬಡಾವಣೆಯ ಸರ್ಕಾರಿ ‘ನಮ್ಮ ಕ್ಲಿನಿಕ್’ ಸಾಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗಾಗಿಯೇ ತಜ್ಞರ ಉಚಿತ ತಪಾಸಣೆ 2016ರಿಂದ ನಡೆಯುತ್ತಿದೆ. ಅದು ನಾಲ್ಕನೆಯ ತಿಂಗಳಿಂದಾಚೆಗಿನವರಿಗೆ. ಅದಕ್ಕಿಂತ ಮೊದಲು ಒಮ್ಮೆ ಹೋಗಿಬರಬೇಕು ಎನ್ನುವುದೇ ನನ್ನ ಒತ್ತಾಯ.

ಸ್ಕ್ಯಾನ್ ವರದಿಯ ಬಗ್ಗೆ ಇಲ್ಲೇ ಒಂದೆರಡು ಮಾತು, ಯಾಕೆಂದರೆ ಹೆದರಬೇಕಾದದ್ದನ್ನು ಬಿಟ್ಟು ಬೇಡದ್ದಕ್ಕೆ ಹೆದರುವವರನ್ನು ಬಹಳ ನೋಡಿದ್ದೇನೆ. ‘ಆಂಟೀರಿಯರ್’, ‘ಪೋಸ್ಟೀರಿಯರ್’ ಎಂದರೆ ಜರಾಯು ಗರ್ಭಕೋಶದ ಮುಂದಿನ ಗೋಡೆಗೆ ಅಂಟಿದೆಯೋ ಹಿಂದಿನ ಗೋಡೆಗೋ ಎಂದಷ್ಟೇ. ಅದರಲ್ಲಿ ಗಂಡು ಹೆಣ್ಣಿನ ಸೂಚನೆ ಇಲ್ಲವೇ ಇಲ್ಲ. ಐದನೆಯ ತಿಂಗಳಲ್ಲಿ ‘ಲೋ ಲೈಯಿಂಗ್’, ಅಂದರೆ ಜರಾಯು ಕೆಳಗಿದೆ, ಎಂದು ಬರೆದಿದ್ದರೆ, ಗರ್ಭಕೋಶ ಬೆಳೆದಂತೆ ಬಹುಪಾಲು ಮಂದಿಯಲ್ಲಿ ಅದು ಮೇಲಕ್ಕೆ ಸರಿಯುತ್ತದೆ. ರಕ್ತ ಕಂಡರೆ ಮಾತ್ರ ತಡಮಾಡದೆ ಹೋಗಬೇಕು. ‘ಗ್ರೇಡ್ 3’ ಎಂಬುದು ದಿನ ತುಂಬಿದಾಗ ಕಂಡರೆ ವಯಸ್ಸಾದ ಜರಾಯುವಿನ ನರೆ.

ದಿನ ತುಂಬುವ ಮುನ್ನದ ನೋವು

2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಮಕ್ಕಳು ಮೂವತ್ತೇಳು ವಾರ ತುಂಬುವ ಮೊದಲೇ ಹುಟ್ಟಿದರು. ಅವರಲ್ಲಿ ಸುಮಾರು 30 ಲಕ್ಷ ಮಕ್ಕಳು ಭಾರತದವರು, ಬೇರೆ ಯಾವ ದೇಶಕ್ಕಿಂತಲೂ ಹೆಚ್ಚು. ಇವರಲ್ಲಿ ಹೆಚ್ಚಿನವರ ತಾಯಂದಿರಿಗೆ ನೋವು ತಾನಾಗಿ ಬಂದದ್ದು, ಅಥವಾ ನೀರು ಮೊದಲೇ ಒಡೆದದ್ದು. ಇದನ್ನು ಮೊದಲೇ ಹೇಳುವುದು ಗರ್ಭನಂಜನ್ನು ಹೇಳುವುದಕ್ಕಿಂತ ಕಷ್ಟ, ಏಕೆಂದರೆ ಇಲ್ಲಿ ದಾರಿಗಳು ಹಲವು. ಸೋಂಕು ಮೇಲೇರಿ ಪೊರೆಗಳಿಗೆ ತಗಲಬಹುದು. ಗರ್ಭಕೋಶದ ಕಂಠ ಗಿಡ್ಡವಾಗಿ ಬೇಗ ತೆರೆದುಕೊಳ್ಳಬಹುದು. ಅವಳಿ ಮಕ್ಕಳಿಂದ ಗರ್ಭಕೋಶ ಅತಿಯಾಗಿ ಹಿಗ್ಗಿರಬಹುದು.

ಆದರೂ ಈ ದಾರಿಗಳಲ್ಲಿ ಒಂದರ ತುದಿಯಲ್ಲಿ ಮತ್ತೆ ಅದೇ ಹಿಗ್ಗದ ಧಮನಿಗಳು ಸಿಗುತ್ತವೆ. ಅವಧಿಗೆ ಮುಂಚೆ ತಾನಾಗಿ ನೋವು ಬಂದವರ ಮಾಸನ್ನು ಪರೀಕ್ಷಿಸಿದಾಗಲೂ ಒಂದಷ್ಟು ಮಂದಿಯಲ್ಲಿ ಗರ್ಭನಂಜಿನವರಲ್ಲಿ ಕಂಡಂಥ ಕಲೆಗಳೇ ಕಂಡವು. ಬಿಗಿಯಾದ ನಾಳ ಒಡೆದು ಜರಾಯುವಿನ ಹಿಂದೆ ಸ್ವಲ್ಪ ರಕ್ತ ಸೋರಿದರೆ, ಆ ರಕ್ತ ಹೆಪ್ಪುಗಟ್ಟುವಾಗ ಹುಟ್ಟುವ ಥ್ರಾಂಬಿನ್ ಎಂಬ ವಸ್ತು ಗರ್ಭಕೋಶದ ಸ್ನಾಯುವನ್ನು ಕೆರಳಿಸುತ್ತದೆ. ಬೇರು ಒಂದೇ, ಒಬ್ಬಳಲ್ಲಿ ಬಿ.ಪಿ. ಏರಿತು, ಇನ್ನೊಬ್ಬಳಲ್ಲಿ ನೋವು ಬಂತು, ಮತ್ತೊಬ್ಬಳಲ್ಲಿ ಮಗುವಿನ ಬೆಳವಣಿಗೆ ನಿಂತಿತು.

ಇದಕ್ಕೆ ನಮ್ಮ ರಾಜ್ಯದ ಹೆಣ್ಣುಮಕ್ಕಳೇ ಪುರಾವೆ ಒದಗಿಸಿದ್ದಾರೆ. 2020ರಲ್ಲಿ ಪ್ರಕಟವಾದ ಆರು ದೇಶಗಳ ಅಧ್ಯಯನದಲ್ಲಿ ಬೆಳಗಾವಿಯ ಸುತ್ತಲಿನ ಚೊಚ್ಚಲ ಬಸುರಿಯರೂ ಇದ್ದರು. ಆರೂ ದೇಶ ಸೇರಿ ಸುಮಾರು ಹನ್ನೆರಡು ಸಾವಿರ ಮಂದಿ. ಅಪಾಯ ಇದೆಯೋ ಇಲ್ಲವೋ ನೋಡದೆ, ಹದಿನಾಲ್ಕು ವಾರದೊಳಗೆ ಅರ್ಧದಷ್ಟು ಮಂದಿಗೆ ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ಹುಸಿಮಾತ್ರೆ ಶುರು ಮಾಡಿದರು. ಅವಧಿಪೂರ್ವ ಹೆರಿಗೆ ಶೇಕಡಾ 13.1ರಿಂದ 11.6ಕ್ಕೆ ಇಳಿಯಿತು. ಇಳಿಕೆ ಸಣ್ಣದು, ಆದರೆ ಮಾತ್ರೆಯ ಬೆಲೆ ನೆನೆದರೆ ಸಣ್ಣದಲ್ಲ. ಬೆಂಗಳೂರಿನದು ಇನ್ನೊಂದು. ಇಲ್ಲಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಹನ್ನೊಂದು ಸಾವಿರ ಚೊಚ್ಚಲ ಬಸುರಿಯರಲ್ಲಿ ಕ್ಯಾಲ್ಸಿಯಂ ಪ್ರಮಾಣವನ್ನು ಹೋಲಿಸಿ ನೋಡಿದರು. ಫಲಿತಾಂಶ 2024ರಲ್ಲಿ ಬಂತು. ದಿನಕ್ಕೆ 1,500 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಗರ್ಭನಂಜು ಶೇಕಡಾ 3.6, 500 ಮಿಲಿಗ್ರಾಂ ತೆಗೆದುಕೊಂಡವರಲ್ಲಿ 3.0. ಅಂದರೆ ದಿನಕ್ಕೆ ಒಂದು ಮಾತ್ರೆಯೂ ಕಡಿಮೆಯೇನಲ್ಲ. ಮೂರು ದಪ್ಪ ಮಾತ್ರೆ ನುಂಗಲಾರದೆ ಡಬ್ಬಿಯನ್ನೇ ಮೂಲೆಗಿಡುವ ಬಸುರಿಗೆ ಇದು ಎಂಥ ಒಳ್ಳೆಯ ಸುದ್ದಿ ಎಂಬುದು ಬಾಣಂತನ ಮಾಡಿಸಿದವರಿಗೆ ಗೊತ್ತು.

ಕಂಠದ ಉದ್ದವನ್ನು ಐದನೆಯ ತಿಂಗಳಲ್ಲಿ ಮಗುವಿನ ಅಂಗಾಂಗ ನೋಡುವ ಅನಾಮಲಿ ಸ್ಕ್ಯಾನಿನ ಹೊತ್ತಿಗೆ ಅಳೆಯಬಹುದು. 25 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ಔಷಧ ಅನೇಕರಲ್ಲಿ ದಿನ ಮುಂದೂಡಿಸುತ್ತದೆ. ಮುಂದಿನ ಆಸೆ ರಕ್ತ ಪರೀಕ್ಷೆಯ ಮೇಲಿದೆ. ಬಸುರಿಯ ರಕ್ತದಲ್ಲಿ ಜರಾಯುವಿನ ಡಿಎನ್‌ಎ, ಆರ್‌ಎನ್‌ಎ ಚೂರುಗಳು ತೇಲುತ್ತಿರುತ್ತವೆ. ತಾಯಿಯ ರಕ್ತದಿಂದಲೇ ಮಗುವಿನ ವರ್ಣತಂತು ದೋಷ ನೋಡಲು ಈಗ ನಗರದಲ್ಲಿ ಹಲವರು ಮಾಡಿಸುವ ಎನ್‌ಐಪಿಟಿ ಪರೀಕ್ಷೆಯಲ್ಲಿ ‘ಮಗುವಿನ ಡಿಎನ್‌ಎ’ ಎನ್ನುವುದು ನಿಜಕ್ಕೂ ಜರಾಯುವಿನದು. 2018ರಲ್ಲಿ ಸ್ಟ್ಯಾನ್‌ಫರ್ಡಿನ ಸ್ಟೀಫನ್ ಕ್ವೇಕ್ ಅವರ ತಂಡ ಆರ್‌ಎನ್‌ಎ ಚೂರುಗಳಿಂದ ಅವಧಿಪೂರ್ವ ಹೆರಿಗೆಯ ಸುಳಿವು ಸಿಗುತ್ತದೆಂದು ತೋರಿಸಿತು. ನೋಡಿದ್ದು ಕೆಲವೇ ಡಜನ್ ತಾಯಂದಿರನ್ನು. ಆಸ್ಪತ್ರೆಯ ದಿನನಿತ್ಯದ ಕೆಲಸಕ್ಕೆ ಬರಲು ಅಷ್ಟು ಸಾಲದು. ಹರಿಯಾಣದ ಗುರುಗ್ರಾಮದಲ್ಲಿ 2015ರಿಂದ ಸಾವಿರಾರು ಬಸುರಿಯರನ್ನು ಗಮನಿಸುತ್ತಿರುವ ಗರ್ಭಿಣಿ ಎಂಬ ಅಧ್ಯಯನದ ಮೇಲೆ ನನಗೆ ಹೆಚ್ಚು ಭರವಸೆ. ನಮ್ಮ ಮೈಕಟ್ಟು, ನಮ್ಮ ಊಟ, ನಮ್ಮ ರಕ್ತಹೀನತೆಗೆ ಒಪ್ಪುವ ಲೆಕ್ಕ ನಮ್ಮಲ್ಲೇ ಹುಟ್ಟಬೇಕು.

ಆರಂಭದ ಅವಕಾಶ ತಪ್ಪಿದರೂ ಮುನ್ಸೂಚನೆಗೆ ಇನ್ನೊಂದು ಉಪಯೋಗವಿದೆ, ಅದು ಸಮಯ. ಎಸ್‌ಫ್ಲಿಟ್-1 ಮತ್ತು ಪಿಎಲ್‌ಜಿಎಫ್ ಇವುಗಳ ಅನುಪಾತ 38 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮುಂದಿನ ಒಂದು ವಾರ ಗರ್ಭನಂಜು ಬರುವ ಸಂಭವ ಬಹಳ ಕಡಿಮೆ ಎಂದು 2016ರ ಅಧ್ಯಯನವೊಂದು ತೋರಿಸಿತು. ಅನುಪಾತ ಏರಿದ್ದರೆ ನವಜಾತ ಶಿಶು ಘಟಕ ಇರುವ ಆಸ್ಪತ್ರೆಗೆ ಮೊದಲೇ ಸೇರಿಸಬಹುದು. ಕೂಸಿನ ಶ್ವಾಸಕೋಶ ಬಲಿಯಲು ತಾಯಿಗೆ ಕೊಡುವ ಡೆಕ್ಸಾಮೆಥಾಸೋನ್ ಚುಚ್ಚುಮದ್ದು ಹನ್ನೆರಡು ಗಂಟೆಗೊಂದರಂತೆ ನಾಲ್ಕು. ನನ್ನ ತಂಗಿಗೆ ಆವತ್ತು ಎರಡು ಕೊಡುವಷ್ಟರಲ್ಲಿ ಬಿ.ಪಿ. 180 ಮುಟ್ಟಿ ಮಗುವನ್ನು ತೆಗೆಯಬೇಕಾಯಿತು. ಇನ್ನೊಂದು ದಿನ ಮೊದಲೇ ಸೇರಿದ್ದರೆ ನಾಲ್ಕೂ ಆಗುತ್ತಿದ್ದವು. ಹಿಂದಿನ ವಾರವಿಡೀ ಅವಳಿಗೆ ತಲೆನೋವಿತ್ತು. ಗ್ಯಾಸ್ಟ್ರಿಕ್ ಎಂದುಕೊಂಡು ಪಕ್ಕೆಯ ಕೆಳಗಿನ ನೋವಿಗೆ ಜೀರಿಗೆ ನೀರು ಕುಡಿಸಿದ್ದೆವು. ಬಿಡದ ತಲೆನೋವು, ಕಣ್ಣೆದುರು ಮಿಂಚು ಅಥವಾ ಮಂಜು, ಬಲಪಕ್ಕೆಯ ಕೆಳಗೆ ನೋವು, ಇದ್ದಕ್ಕಿದ್ದಂತೆ ಮುಖ ಊದುವುದು, ಕೂಸಿನ ಒದೆತ ಕಡಿಮೆಯಾಗುವುದು: ಇವುಗಳಲ್ಲಿ ಯಾವುದಿದ್ದರೂ ಅದೇ ಗಂಟೆಯಲ್ಲಿ ಹೊರಡಬೇಕು, ಬೆಳಗಾಗಲಿ ಎನ್ನಬಾರದು.

ಎರಡನೆಯ ಬಸುರಿನಲ್ಲಿ ತಂಗಿಯ ಲೆಕ್ಕ ಹೆಚ್ಚು ಅಪಾಯವೆಂದೇ ಬಂತು. ಹದಿಮೂರನೆಯ ವಾರದಿಂದ ರಾತ್ರಿ ಊಟವಾದ ಮೇಲೆ ಆಸ್ಪಿರಿನ್. ದೇವರ ದೀಪದ ಪಕ್ಕದಲ್ಲೇ ಅಮ್ಮ ಆ ಮಾತ್ರೆಯ ಹಾಳೆಯನ್ನು ಇಟ್ಟಿದ್ದಳು. ಮಗಳು ಮೂವತ್ತೆಂಟನೆಯ ವಾರಕ್ಕೆ ಹುಟ್ಟಿದಳು, 2.7 ಕಿಲೋ. ಮಾತ್ರೆಯಿಂದಲೇ ಹೀಗಾಯಿತು ಎಂದು ನಾನು ಹೇಳಲಾರೆ. ಒಬ್ಬಳ ಕಥೆಯಿಂದ ಅದು ಗೊತ್ತಾಗುವುದಿಲ್ಲ. ಗರ್ಭನಂಜು ಹೆರಿಗೆಯ ಮೇಲೂ, ಆರು ವಾರದವರೆಗೂ ಬರಬಹುದು. ಒಮ್ಮೆ ಬಂದವರಿಗೆ ಮುಂದೆ ಹೃದಯದ ಕಾಯಿಲೆಯ ಸಂಭವ ಇತರರಿಗಿಂತ ಸುಮಾರು ಎರಡು ಪಟ್ಟು. ಹಾಗಾಗಿ ಆ ಹಳೆಯ ಒಂದೂವರೆ ಪುಟದ ವರದಿಯ ನಕಲನ್ನು ತಂಗಿಯ ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇವೆ.

ಬಾಣಂತಿ ಕೋಣೆಯ ಗೋಡೆಯಲ್ಲಿ ಪಂಚಾಂಗದ ಕ್ಯಾಲೆಂಡರ್ ತೂಗುತ್ತಿತ್ತು. ಎಣ್ಣೆ ನೀರಿಗೆ ಎಬ್ಬಿಸುವ ಮೊದಲು ಅಮ್ಮ ಬಿ.ಪಿ. ಯಂತ್ರದ ಪಟ್ಟಿ ಕಟ್ಟಿ, ಐದು ನಿಮಿಷ ಮಾತನಾಡಬೇಡವೆಂದು ಗದರಿಸಿ, ಅಂಕಿಯನ್ನು ಆ ದಿನದ ತಿಥಿಯ ಕೆಳಗೆ ಸಣ್ಣಗೆ ಬರೆಯುತ್ತಿದ್ದಳು. ಮೂರನೆಯ ದಿನ 138/88 ಎಂದು ಬರೆದವಳು ಫೋನ್ ತೆಗೆದು ವೈದ್ಯೆಗೆ ತಾನೇ ಕರೆ ಮಾಡಿದಳು.